ಸವೆದದ್ದು ಇರಲಿ, ಕೊಳೆತದ್ದು ಹೋಗಲಿ: ಒಂದು ಹಳೆಯ ಜಾವಾ, ನನ್ನ ಅನುಭವ

ಹಳೆಯ ಬೈಕನ್ನು ಹೊಸದರಂತೆ ಮಾಡಿಸಬೇಕೋ, ಇದ್ದ ಹಾಗೆಯೇ ಬಿಡಬೇಕೋ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಯಾವ ಭಾಗವನ್ನು? ಇಡೀ ಗಾಡಿಗೆ ಒಂದೇ ಉತ್ತರ ಕೊಡುವವರು ಸಾಮಾನ್ಯವಾಗಿ ಅದನ್ನು ಬಿಚ್ಚಿ ನೋಡಿರುವುದಿಲ್ಲ.

ನನ್ನ ಬಳಿ ಎರಡು ಗಾಡಿಗಳಿವೆ. ಒಂದು 1980ರ ದಶಕದ ಯೆಜ್ಡಿ ರೋಡ್‌ಕಿಂಗ್. ಅದರ ಒಂದೊಂದು ಬೋಲ್ಟನ್ನೂ ಬಿಚ್ಚಿ ಸಂಪೂರ್ಣ ಹೊಸದು ಮಾಡಿದ್ದೇನೆ. ಇನ್ನೊಂದು 1967ರ ಜಾವಾ 250, ನಮ್ಮ ಕಡೆ ಎಲ್ಲರೂ ‘ಎ ಟೈಪ್’ ಎನ್ನುವ ಮಾದರಿ. ಅದರ ಮೈಯನ್ನು ಬಹುಮಟ್ಟಿಗೆ ಮುಟ್ಟಿಲ್ಲ. ಎರಡೂ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದವು. ಜೆಕೊಸ್ಲೊವಾಕಿಯದ ಪರವಾನಗಿಯಲ್ಲಿ ಜಾವಾ ತಯಾರಿಸಲು ಶುರುಮಾಡಿದ ಆ ಕಾರ್ಖಾನೆ 1970ರ ದಶಕದಲ್ಲಿ ತನ್ನ ಬೈಕುಗಳ ಹೆಸರನ್ನು ಯೆಜ್ಡಿ ಎಂದು ಬದಲಿಸಿತು, 1996ರಲ್ಲಿ ಮುಚ್ಚಿತು. ವೃತ್ತಿಯಲ್ಲಿ ನಾನು ಟರ್ನರ್, ಲೋಹ ಕಡೆಯುವವನು. ಲೇತ್ ಮೇಲೆ ಕೈ ಓಡುತ್ತದೆ, ಸ್ಪ್ರೇ ಗನ್ ಹಿಡಿದರೆ ಓಡುವುದಿಲ್ಲ. ಮುಂದೆ ಹೇಳುವ ತೀರ್ಮಾನಗಳಲ್ಲಿ ಇದರ ಪಾಲೂ ಸ್ವಲ್ಪ ಇದ್ದೀತು, ಓದುಗರು ಅಷ್ಟನ್ನು ಕಳೆದು ಓದಬಹುದು.

ರೋಡ್‌ಕಿಂಗ್ ವಿಷಯದಲ್ಲಿ ಯೋಚನೆಗೆ ಆಸ್ಪದವೇ ಇರಲಿಲ್ಲ. ನನ್ನ ಕೈಗೆ ಬಂದಾಗ ಟ್ಯಾಂಕಿನ ತಳ ಜರಡಿಯಾಗಿತ್ತು, ಮಡ್‌ಗಾರ್ಡ್ ಬೇರೆ ಯಾವುದೋ ಗಾಡಿಯದು, ಬಣ್ಣದ ಮೇಲೆ ಬಣ್ಣ, ಅದರ ಮೇಲೆ ಸ್ಟಿಕ್ಕರ್. ಉಳಿಸಿಕೊಳ್ಳುವುದಕ್ಕೆ ಏನಾದರೂ ಇದ್ದರೆ ತಾನೆ ಉಳಿಸುವ ಮಾತು? ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿದೆ. ಆ ಲೇಪ ದಪ್ಪ, ಕೊರೆದ ಅಂಕಿಗಳ ಗುಣಿಗಳನ್ನು ತುಂಬಿಬಿಡುತ್ತದೆ. ಹಾಗಾಗಿ ಚಾಸಿ ನಂಬರಿನ ಜಾಗಕ್ಕೆ ಟೇಪ್ ಹಾಕಿಸುವುದನ್ನು ಮರೆಯಬಾರದು. ನಾಳೆ ಆರ್‌ಟಿಒ ಕಚೇರಿಯಲ್ಲಿ ನಂಬರ್ ಓದಲಾಗದಿದ್ದರೆ ಎಷ್ಟು ಹೊಳೆದರೂ ಪ್ರಯೋಜನವಿಲ್ಲ.

ಜಾವಾದ ಕಥೆ ಬೇರೆ. ಅದು ನನ್ನ ಸೋದರಮಾವನದು. ಅವರು ಸಕಲೇಶಪುರದ ಕಡೆ ಕಾಫಿ ತೋಟವೊಂದರಲ್ಲಿ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದರು. ತೋಟದಿಂದ ಪೇಟೆಗೆ, ಪೇಟೆಯಿಂದ ಊರಿಗೆ ಅದೇ ಗಾಡಿ. ಮೊಣಕಾಲು ತಾಗುತ್ತಿದ್ದ ಕಡೆ ಟ್ಯಾಂಕಿನ ಮೇಲೆ ಕೈಯಲ್ಲಿ ಎಳೆದಿದ್ದ ದಂತವರ್ಣದ ಗೆರೆ ಅಳಿಸಿಹೋಗಿ, ಅದರ ಎರಡು ತುದಿಗಳು ಮಾತ್ರ ಉಳಿದಿವೆ. ಜಾವಾದಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಒಂದೇ. ಅದನ್ನು ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಇಳಿಸಿದರೆ ಗೇರ್. ಮಾವನ ಬೂಟು ಆ ಲಿವರಿನ ಕುತ್ತಿಗೆಯನ್ನು ಹೇಗೆ ತಿಂದಿದೆ ಎಂದರೆ, ಅವರು ಯಾವ ಕೋನದಲ್ಲಿ ಕಾಲಿಡುತ್ತಿದ್ದರು ಎಂದು ನೋಡಿದ ತಕ್ಷಣ ತಿಳಿಯುತ್ತದೆ. ಹಿಂದಿನ ಮಡ್‌ಗಾರ್ಡಿನಲ್ಲಿ ಚೀಲ ಕಟ್ಟುತ್ತಿದ್ದ ಹಗ್ಗ ಉಜ್ಜಿದ ಗುರುತಿದೆ. ನನಗೆ ಇವೆಲ್ಲ ಬೇಕಿತ್ತು. ಆದ್ದರಿಂದ ಏನನ್ನೂ ಮುಟ್ಟುವುದಿಲ್ಲ ಎಂದೇ ಮಾವನಿಗೆ ಹೇಳಿದೆ.

ಅವರಿಗೆ ಸಿಟ್ಟು ಬಂತು. “ನನ್ನ ಗಾಡಿ ಎಂದು ಹೀಗಿತ್ತು ಹೇಳು? ಭಾನುವಾರ ಬಂತೆಂದರೆ ಕೂತು ಉಜ್ಜುತ್ತಿದ್ದೆ. ಈ ತುಕ್ಕು ನಾನು ಓಡಿಸಿ ಬಂದದ್ದಲ್ಲ, ಸೌದೆ ಕೊಟ್ಟಿಗೆಯಲ್ಲಿ ನಿಲ್ಲಿಸಿ ಬಂದದ್ದು. ಅದನ್ನೂ ಪೂಜೆ ಮಾಡುತ್ತೀಯೇನು?”

“ಹಾಗಲ್ಲ ಮಾವ, ಬಣ್ಣ ಹೊಡೆಸಿದರೆ ಈ ಗುರುತುಗಳೆಲ್ಲ ಹೋಗುತ್ತವೆ” ಎಂದೆ.

“ಗುರುತು ಇರಲಿ, ಯಾರು ಬೇಡ ಎಂದರು? ಹೊಲಸು ಯಾಕಿರಬೇಕು?”

ಅಷ್ಟು ವರ್ಷ ಹಳೆಯ ಗಾಡಿಗಳ ಬಗ್ಗೆ ಓದಿದ್ದರಲ್ಲಿ ನನಗೆ ಸಿಗದಿದ್ದ ಅಳತೆಗೋಲು ಆ ಒಂದು ಮಾತಿನಲ್ಲಿ ಸಿಕ್ಕಿತು. ಓಡಿಸಿ ಸವೆದದ್ದು ಬೇರೆ, ನಿಂತು ಕೊಳೆತದ್ದು ಬೇರೆ. ಮೊದಲನೆಯದು ಉಳಿಯಬೇಕು, ಎರಡನೆಯದನ್ನು ನಿಲ್ಲಿಸಬೇಕು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ತನ್ನ ಟ್ಯೂರಿನ್ ಸನ್ನದಿನಲ್ಲಿ ಇದ್ದದ್ದನ್ನು ಕಾಪಾಡುವುದು, ಕೆಡದಂತೆ ತಡೆಯುವುದು, ಕಳೆದುಹೋದದ್ದನ್ನು ಮತ್ತೆ ಕಟ್ಟುವುದು ಇವು ಬೇರೆ ಬೇರೆ ಕೆಲಸಗಳು ಎನ್ನುತ್ತದೆ. ಮಾವ ಸನ್ನದನ್ನು ಓದಿದವರಲ್ಲ.

ಮೊದಲು ಎಂಜಿನ್. ಇಲ್ಲಿ ನನಗೆ ಎಳ್ಳಷ್ಟೂ ಮೋಹವಿಲ್ಲ. ಒಳಗಿರುವ ಸವೆತ ಯಾರಿಗೂ ಕಾಣುವುದಿಲ್ಲ, ಆದರೆ ಘಾಟಿಯಲ್ಲಿ ಎಂಜಿನ್ ಸೀಜ್ ಆದರೆ, ಅಂದರೆ ಕಚ್ಚಿಕೊಂಡು ನಿಂತರೆ, ಹಿಂದಿನ ಚಕ್ರ ಹಿಡಿದುಕೊಂಡು ಜನ ಬೀಳುತ್ತಾರೆ. ಟೂ ಸ್ಟ್ರೋಕ್ ಎಂಜಿನ್‌ಗಳಲ್ಲಿ ಹೆಚ್ಚಿನವರು ಪಿಸ್ಟನ್, ಅದು ಓಡಾಡುವ ಬೋರ್ ನೋಡಿ ಸುಮ್ಮನಾಗುತ್ತಾರೆ. ನಿಜವಾಗಿ ಮೊದಲು ನೋಡಬೇಕಾದದ್ದು, ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್‌ಗಳು. ಜಾವಾದಲ್ಲಿ ಎಡಗಡೆ ಪ್ರೈಮರಿ ಚೈನು ಎಣ್ಣೆಯಲ್ಲಿ ಓಡುತ್ತದೆ. ಆ ಬದಿಯ ಸೀಲ್ ಹೋದರೆ ಎಂಜಿನ್ ಗೇರ್ ಎಣ್ಣೆಯನ್ನು ಹೀರಿ ದಟ್ಟ ಬಿಳಿ ಹೊಗೆ ಬಿಡುತ್ತದೆ. ಬಲಗಡೆ ಡೈನಮೋ ಬದಿಯ ಸೀಲ್ ಹೋದರೆ ಇನ್ನೂ ಅಪಾಯ. ಹೊರಗಿನ ಗಾಳಿ ಒಳಸೇರಿ ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ, ಹೊಗೆಯ ಎಚ್ಚರಿಕೆಯೂ ಇಲ್ಲದೆ ಪಿಸ್ಟನ್ ಕಾಯ್ದು ಕಚ್ಚಿಕೊಳ್ಳುತ್ತದೆ. ಕಾರ್ಬುರೇಟರನ್ನು ಎಷ್ಟು ಟ್ಯೂನ್ ಮಾಡಿದರೂ ಐಡ್ಲಿಂಗ್ ಸ್ಥಿರವಾಗದ ಗಾಡಿಗಳಲ್ಲಿ ಎಷ್ಟೋ ಸಲ ತಪ್ಪು ಕಾರ್ಬುರೇಟರಿನದಲ್ಲ.

ಸೀಲ್ ಬದಲಿಸುವಾಗ ಎಂಜಿನ್ ಕೇಸನ್ನೂ ಎರಡು ಹೋಳಾಗಿ ಬಿಚ್ಚಿದೆ. ಬಿಚ್ಚಿದ ಮೇಲೆ ಬೇರಿಂಗ್ ಮತ್ತು ಕನೆಕ್ಟಿಂಗ್ ರಾಡ್ ಹಳೆಯದೇ ಇಡುವುದು ಜಿಪುಣತನ. ಜಾವಾ ಕ್ರ್ಯಾಂಕ್ ಎರಡು ಭಾಗಗಳನ್ನು ಪಿನ್ನಿಗೆ ಒತ್ತಿ ಜೋಡಿಸಿದ್ದು. ಒತ್ತಿದ ಮೇಲೆ ಎರಡೂ ತುದಿ ಒಂದೇ ನೇರದಲ್ಲಿ ತಿರುಗುತ್ತವೆಯೇ ಎಂದು ಲೇತಿನ ಸೆಂಟರುಗಳ ನಡುವೆ ಡಯಲ್ ಗೇಜ್ ಇಟ್ಟು ನೋಡಬೇಕು. ನಾನು 0.03 ಮಿ.ಮೀ. ಒಳಗೆ ಬರುವವರೆಗೂ ತಾಮ್ರದ ಸುತ್ತಿಗೆ ಕೆಳಗಿಡಲಿಲ್ಲ. ಐಡಿಯಲ್ ಜಾವಾದಲ್ಲೇ ದುಡಿದಿದ್ದ ಹಿರಿಯ ಮೇಸ್ತ್ರಿಯೊಬ್ಬರು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, “ಬಿಡಿ ಸ್ವಾಮಿ, ಕಾರ್ಖಾನೆಯಲ್ಲೂ ಇಷ್ಟು ನೋಡುತ್ತಿರಲಿಲ್ಲ” ಎಂದು ನಗುತ್ತಿದ್ದರು. 65 ಮಿ.ಮೀ. ಬೋರನ್ನು ಮುಂದಿನ ಅಳತೆಗೆ ಕೊರೆಸಿ ಹೊಸ ಪಿಸ್ಟನ್ ಹಾಕಿದೆ. ಹಳೆಯ ಜಿಕೋವ್ ಕಾರ್ಬುರೇಟರನ್ನು ಉಳಿಸಿಕೊಂಡೆ, ಅದರ ಸ್ಲೈಡ್ ಅಷ್ಟು ಸವೆದಿರಲಿಲ್ಲ. ಎಂಜಿನ್ ಕೇಸಿನ ಹೊರಮೈಗೆ ಸೀಮೆಎಣ್ಣೆ ಮತ್ತು ಬ್ರಷ್ ಬಿಟ್ಟರೆ ಬೇರೇನೂ ತಾಗಿಸಲಿಲ್ಲ. ಬಫಿಂಗ್ ಚಕ್ರಕ್ಕೆ ಕೊಟ್ಟು ಕನ್ನಡಿಯಂತೆ ಮಾಡಿಸುವ ಚಟ ಈಗ ಎಲ್ಲೆಲ್ಲೂ ಇದೆ. ಅಚ್ಚಿನಲ್ಲಿ ಮೂಡಿದ ಅಕ್ಷರಗಳ ಅಂಚು ಅದರಿಂದ ಕರಗಿಹೋಗುತ್ತದೆ.

ಬ್ರೇಕ್, ಟೈರ್, ವೈರಿಂಗ್ ಈ ಮೂರರಲ್ಲಿ ಚರ್ಚೆ ಬೇಡ. ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಹೆಚ್ಚು. ಡ್ರಮ್ಮಿನ ಧೂಳನ್ನು ಬಾಯಿಯಿಂದಾಗಲಿ ಏರ್ ಗನ್ನಿನಿಂದಾಗಲಿ ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಟೈರಿನ ಪಟ್ಟೆ ಎಷ್ಟು ಆಳವಿದ್ದರೂ ರಬ್ಬರ್ ಕಲ್ಲಾಗಿದ್ದರೆ ಮಳೆಯಲ್ಲಿ ಅದು ಹಿಡಿಯುವುದಿಲ್ಲ. 3.25-16 ಅಳತೆಯ ಹೊಸ ಜೊತೆ ಹಾಕಿದೆ. ವೈರುಗಳ ಹೊದಿಕೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಅದೇ ಬಣ್ಣಗಳಲ್ಲಿ ಹೊಸ ವೈರಿಂಗ್ ಹೆಣೆಸಿ, ಕಣ್ಣಿಗೆ ಕಾಣದ ಹಾಗೆ ಒಂದು ಫ್ಯೂಸ್ ಸೇರಿಸಿದೆ. ಹಳೆಯ ಬ್ಯಾಟರಿಯ ಕಪ್ಪು ಡಬ್ಬಿಯನ್ನು ಟೊಳ್ಳು ಮಾಡಿ ಅದರೊಳಗೆ 6 ವೋಲ್ಟಿನ ಚಿಕ್ಕ ಸೀಲ್ಡ್ ಬ್ಯಾಟರಿ ಕೂರಿಸಿದ್ದೇನೆ.

ಇನ್ನು ಮೈ. ಇಲ್ಲಿ ಕೆಲಸ ನಿಧಾನ, ಖರ್ಚು ಕಡಿಮೆ, ಬೇಕಾದದ್ದು ತಾಳ್ಮೆ. ನಾನು ಯಾವುದನ್ನೇ ಆಗಲಿ ಮೊದಲು ಸೀಟಿನ ಅಡಿ ಕಾಣದ ಜಾಗದಲ್ಲಿ ಹಚ್ಚಿ ನೋಡುತ್ತಿದ್ದೆ. ಬಟ್ಟೆಗೆ ಗಾಡಿಯ ಕೆಂಪು ಹತ್ತಿದರೆ ಬಣ್ಣ ಹೋಗುತ್ತಿದೆ ಎಂದರ್ಥ, ಅಲ್ಲಿಗೆ ನಿಲ್ಲಿಸಬೇಕು. ಎಣ್ಣೆ ಜಿಡ್ಡಿಗೆ ಸೀಮೆಎಣ್ಣೆ, ಆಮೇಲೆ ಸೌಮ್ಯವಾದ ಸೋಪಿನ ನೀರು, ಕೊನೆಗೆ ಮೇಣದ ಪಾಲಿಶ್, ಇಷ್ಟೇ. ನಿಕ್ಕಲ್ ಆದ, ಅಂದರೆ ಹೊಳೆಯುವ ಕ್ರೋಮ್ ಲೇಪದ, ಭಾಗಗಳ ತುಕ್ಕಿಗೆ ಊಟ ಕಟ್ಟುವ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿದರೆ ಸಾಕು. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು, ಹಾಗಾಗಿ ಗೀರು ಬೀಳುವುದಿಲ್ಲ. ಉಪ್ಪುಕಾಗದ ಮಾತ್ರ ಹತ್ತಿರವೂ ಸುಳಿಯಬಾರದು. ತುಕ್ಕಿನ ಸಣ್ಣ ಗುಣಿಗಳು ಉಳಿಯುತ್ತವೆ, ಉಳಿಯಲಿ. ಮತ್ತೆ ನಿಕ್ಕಲ್ ಹಾಕಿಸಬೇಕೆಂದರೆ ಹಳೆಯ ಲೇಪ ಕಿತ್ತು, ತಗಡನ್ನು ತೀಡಿ, ಆಮೇಲೆ ತಾಮ್ರ, ನಿಕ್ಕಲ್, ಕ್ರೋಮ್ ಎಂದು ಒಂದರ ಮೇಲೊಂದು ಹಾಕುತ್ತಾರೆ. ತೀಡುವಾಗ ತೆಳುವಾದ ತಗಡು ಮತ್ತೆ ದಪ್ಪವಾಗುವುದಿಲ್ಲ. ಬಣ್ಣ ಕಿತ್ತುಹೋಗಿ ಬರಿಯ ತಗಡು ಕಾಣುತ್ತಿದ್ದ ಕಡೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆಯನ್ನು ತೀರಾ ತೆಳ್ಳಗೆ ಸವರಿ ಒರೆಸಿದೆ. ಒಣಗಿದ ಮೇಲೆ ಅದು ಪದರವಾಗಿ ತುಕ್ಕನ್ನು ತಡೆಯುತ್ತದೆ. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಿ ಬಿಸಾಡಿ.

ಇದ್ದ ಬಣ್ಣದ ಮೇಲೆಯೇ ಪಾರದರ್ಶಕವಾದ ಕ್ಲಿಯರ್ ಕೋಟ್ ಹೊಡೆಸಿ, ಎಲ್ಲ ಹಾಗೇ ಉಳಿಯುತ್ತದೆ ಎಂದು ಹಲವರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಅಡಿಯಲ್ಲಿ ತುಕ್ಕಿನ ಕಣ ಉಳಿದಿದ್ದರೆ ಅದು ಒಳಗೇ ಹಬ್ಬುತ್ತದೆ, ಮೇಲಾಗಿ ಆ ಪದರವನ್ನು ತೆಗೆಯಬೇಕಾದರೆ ಹಳೆಯ ಬಣ್ಣವೂ ಜೊತೆಗೆ ಬರುತ್ತದೆ. ಮೇಣವನ್ನು ನಾಳೆ ಯಾರು ಬೇಕಾದರೂ ಒರೆಸಿ ತೆಗೆಯಬಹುದು. ನನ್ನ ನಂತರ ಗಾಡಿ ಯಾರ ಕೈಗೆ ಹೋಗುತ್ತದೆಯೋ, ಅವರಿಗೆ ಕೆಂಪಗೆ ಹೊಳೆಯುವ ಜಾವಾವೇ ಬೇಕಾಗಬಹುದು. ಅವರ ದಾರಿಯನ್ನು ನಾನೇಕೆ ಮುಚ್ಚಲಿ?

ಟ್ಯಾಂಕಿನ ಒಳಗಿನ ತುಕ್ಕು ತಲೆನೋವಿನ ಕೆಲಸ. ಆಮ್ಲ ಸುರಿದರೆ ಬೇಗ ಆಗುತ್ತದೆ, ಆದರೆ ಒಂದು ಹನಿ ಹೊರಗೆ ಬಿದ್ದರೂ ಬಣ್ಣ ಹೋಯಿತು. ನಾನು ವಿದ್ಯುತ್ತಿನ ವಿಧಾನ ಹಿಡಿದೆ. ಟ್ಯಾಂಕಿಗೆ ವಾಷಿಂಗ್ ಸೋಡಾ ಬೆರೆಸಿದ ನೀರು ತುಂಬಿ, ಬಾಯಿಯಿಂದ ಒಂದು ಕಬ್ಬಿಣದ ಸರಳನ್ನು ಗೋಡೆಗೆ ತಾಗದಂತೆ ಇಳಿಬಿಟ್ಟು, ಬ್ಯಾಟರಿ ಚಾರ್ಜರಿನ ಪಾಸಿಟಿವ್ ಸರಳಿಗೆ, ನೆಗೆಟಿವ್ ಟ್ಯಾಂಕಿಗೆ. ತುಕ್ಕು ಸಡಿಲವಾಗಿ ಉದುರುತ್ತದೆ, ಗಟ್ಟಿ ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ಸರಳು ಸ್ಟೇನ್‌ಲೆಸ್ ಸ್ಟೀಲಿನದಾಗಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಹೈಡ್ರೋಜನ್ ಅನಿಲ ಬರುವುದರಿಂದ ಅಂಗಳದಲ್ಲಿ, ಬೀಡಿ ಸೇದುವವರಿಂದ ದೂರದಲ್ಲಿ ಮಾಡಬೇಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಹೆಚ್ಚು, ಅದು ತೇವವನ್ನು ಹೀರುತ್ತದೆ. ಪೆಟ್ರೋಲ್ ಕಾಕ್‌ನ ಹಳೆಯ ಕಾರ್ಕ್, ರಬ್ಬರ್ ಪೈಪು ಎಲ್ಲ ಬದಲಾಯಿಸಿ, ಗಾಡಿ ತಿಂಗಳುಗಟ್ಟಲೆ ನಿಲ್ಲುವುದಿದ್ದರೆ ಟ್ಯಾಂಕ್ ಬರಿದು ಮಾಡಿ ಒಳಗೆ ಎಣ್ಣೆ ಆಡಿಸಿ ಇಡುತ್ತೇನೆ. ಓಡಿಸುವಾಗ ಲೀಟರಿಗೆ 40 ಮಿ.ಲೀ. ಟೂ ಟಿ ಎಣ್ಣೆ.

ಮಾವನ ಅಳತೆಗೋಲಿಗೂ ಸುಲಭವಾಗಿ ದಕ್ಕದ ಎರಡು ಸಂಗತಿಗಳಿದ್ದವು. ಘಾಟಿಯಲ್ಲಿ ಒಮ್ಮೆ ಬಿದ್ದ ಮೇಲೆ ಮುಂದಿನ ಮಡ್‌ಗಾರ್ಡನ್ನು ತಟ್ಟಿಸಿ, ಸಿಕ್ಕಿದ ಕಪ್ಪು ಎನಾಮಲ್ಲನ್ನು ಬ್ರಷ್ಷಿನಲ್ಲಿ ಅವರೇ ಬಳಿದಿದ್ದರು. ನೋಡಲು ಚೆನ್ನಾಗಿಲ್ಲ. ಉಳಿಸಿದೆ, ಅದು ಓಡಿಸುವವನು ತನ್ನ ಗಾಡಿಗೆ ಮಾಡಿಕೊಂಡ ರಿಪೇರಿ. ಆದರೆ ಆಮೇಲೆ ಯಾರೋ ರಿಮ್ಮಿಗೂ ಸ್ಪೋಕಿಗೂ ಬಳಿದಿದ್ದ ಬೆಳ್ಳಿ ಬಣ್ಣವನ್ನು ಕಿತ್ತೆ. ಅದರ ಅಡಿಯಲ್ಲಿ ತುಕ್ಕು ಹಬ್ಬುತ್ತಿತ್ತು, ಕೆಲವು ಸ್ಪೋಕುಗಳು ಕೈಯಲ್ಲೇ ಮುರಿದವು. ಎಲ್ಲ ಸ್ಪೋಕ್ ಹೊಸದು ಹಾಕಿಸಿದ್ದೇನೆ. ಮಾಸಿದ ರಿಮ್ಮಿನಲ್ಲಿ ಅವು ಎದ್ದು ಕಾಣುತ್ತವೆ, ಕಾಣಲಿ.

ಕಾಗದದ ವಿಷಯಕ್ಕೆ ಬಂದರೆ, 2021ರ ಕೇಂದ್ರದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ‘ವಿಎ’ ಸರಣಿಯ ನಂಬರ್ ಬರುತ್ತದೆ. ಆದರೆ ಅಂಥ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥವಕ್ಕೆ ಮಾತ್ರ. ನನಗೆ ಓಡಿಸುವುದು ಬೇಕು, ಹಾಗಾಗಿ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡೆ. ಅತಿ ಸುರಕ್ಷಿತ ನೋಂದಣಿ ಫಲಕ (ಎಚ್‌ಎಸ್‌ಆರ್‌ಪಿ) ಕಡ್ಡಾಯವಾದ್ದರಿಂದ, ಪೇಂಟರ್ ಕೈಯಲ್ಲಿ ಬರೆದ ‘ಎಂವೈ’ ಸರಣಿಯ ಹಳೆಯ ಫಲಕ ಗಾಡಿಯಿಂದ ಇಳಿಯಿತು. ಬಿಚ್ಚಿದ ಹಳೆಯ ಪಿಸ್ಟನ್, ಲೈನರ್, ವೈರುಗಳ ಜೊತೆ ಚೀಟಿ ಕಟ್ಟಿ ಒಂದೇ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಗಾಡಿ ಕೈಬದಲಾದರೆ ಪೆಟ್ಟಿಗೆಯೂ ಜೊತೆಗೆ ಹೋಗಬೇಕು.

ಇನ್ನೂ ತೀರ್ಮಾನವಾಗದ್ದು ಸೈಲೆನ್ಸರ್. ಜಾವಾಕ್ಕೆ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಎಡಗಡೆಯದರ ತಳ ತೂತಾಗಿತ್ತು, ಕೆಳಗಿನಿಂದ ತೇಪೆ ಹಾಕಿಸಿದ್ದೇನೆ. ತಗಡು ತೆಳುವಾಗಿರುವುದರಿಂದ ಮುಂದಿನ ಸಲ ವೆಲ್ಡಿಂಗ್ ನಿಲ್ಲುವುದಿಲ್ಲ ಎಂದು ಮೇಸ್ತ್ರಿ ಹೇಳಿಬಿಟ್ಟಿದ್ದಾರೆ. ಈಗ ಅಂಗಡಿಗಳಲ್ಲಿ ಸಿಗುವ ಹೊಸ ಜೊತೆಯ ಸದ್ದು ಬೇರೆ, ಆಕಾರವೂ ಒಂದಿಷ್ಟು ಬೇರೆ. ಹಳೆಯದನ್ನು ಕೊಯ್ದು ಒಳಗೆ ಹೊಸ ತಗಡಿನ ಕೊಳವೆ ಸೇರಿಸಿ ಮತ್ತೆ ಮುಚ್ಚಬಹುದೇ ಎಂದು ಅಳತೆ ತೆಗೆದಿಟ್ಟುಕೊಂಡಿದ್ದೇನೆ. ಮಾವ ಮಾತ್ರ, “ಎರಡನ್ನೂ ಹೊಸದು ಹಾಕಿಸು, ಅದು ಕೊಳೆತದ್ದರ ಲೆಕ್ಕ” ಎನ್ನುತ್ತಾರೆ.