ಉದ್ರಿ ಬುಕ್ಕಿನ ಪಕ್ಕ ಫಾರ್ಮ್ 6 ಇಡಿ: ಅಂಗಡಿಯಲ್ಲೇ ವೋಟರ್ ಲಿಸ್ಟ್ ಕೆಲಸ ಮಾಡುವುದು ಹೇಗೆ?

ದಾವಣಗೆರೆ ನಿಟ್ಟುವಳ್ಳಿಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಗಲ್ಲಾ ಹತ್ತಿರ ಉದ್ರಿ ಬುಕ್ಕಿನ ಕೆಳಗೆ ಯಾವಾಗಲೂ ಹತ್ತಿಪ್ಪತ್ತು ಫಾರ್ಮ್ 6, ಅಂದರೆ ವೋಟರ್ ಲಿಸ್ಟ್‌ಗೆ ಹೊಸದಾಗಿ ಹೆಸರು ಸೇರಿಸುವ ಅರ್ಜಿಗಳು, ಇರುತ್ತವೆ. ಐಡಿಯಾ ನನ್ನದಲ್ಲ. ಅಮೆರಿಕದ ಮಿಸಿಸಿಪಿಯಲ್ಲಿ ವರ್ನನ್ ಡಾಮರ್ ಅಂತ ಒಬ್ಬ ಕಪ್ಪು ರೈತ ಇದ್ದರು. ಹತ್ತಿ ಬೆಳೆಯುತ್ತಿದ್ದರು, ಕಿರಾಣಿ ಅಂಗಡಿಯೂ ಇತ್ತು. ಅಲ್ಲಿ ವೋಟ್ ಹಾಕಬೇಕಾದರೆ 2 ಡಾಲರ್ ತೆರಿಗೆ ಕಟ್ಟಬೇಕಿತ್ತು, ಅದನ್ನು ಕಟ್ಟುವ ಕಚೇರಿಗೆ ಹೋಗಲು ಕಪ್ಪು ಜನಕ್ಕೆ ಭಯ. 1966ರ ಜನವರಿಯಲ್ಲಿ ಇವರು ರೇಡಿಯೋದಲ್ಲಿ ಹೇಳಿಸಿದರು: ನನ್ನ ಅಂಗಡಿಯಲ್ಲೇ ಕಟ್ಟಿ, ದುಡ್ಡಿಲ್ಲದವರದ್ದು ನಾನು ಕಟ್ಟುತ್ತೇನೆ. ಅದೇ ರಾತ್ರಿ ಕು ಕ್ಲಕ್ಸ್ ಕ್ಲಾನ್ ಅನ್ನೋ, ಕಪ್ಪು ಜನರ ಮೇಲೆ ದಾಳಿ ಮಾಡುತ್ತಿದ್ದ ಬಿಳಿಯರ ಗುಂಪಿನವರು ಮನೆಗೂ ಅಂಗಡಿಗೂ ಬೆಂಕಿ ಇಟ್ಟರು. ಹೆಂಡತಿ ಮಕ್ಕಳು ಹಿಂದಿನ ಕಿಟಕಿಯಿಂದ ತಪ್ಪಿಸಿಕೊಳ್ಳುವವರೆಗೆ ಡಾಮರ್ ಬಂದೂಕು ಹಿಡಿದು ಎದುರು ನಿಂತರು. ಶ್ವಾಸಕೋಶ ಸುಟ್ಟು ಜನವರಿ 10ರಂದು ತೀರಿಕೊಂಡರು. ವಯಸ್ಸು 57. ಅವರ ನಾಲ್ಕು ಗಂಡುಮಕ್ಕಳು ಆಗ ಅದೇ ದೇಶದ ಸೈನ್ಯದಲ್ಲಿದ್ದರು ನೋಡಿ. ಕೊಲ್ಲಿಸಿದ ಕ್ಲಾನ್ ಮುಖಂಡನಿಗೆ ಶಿಕ್ಷೆ ಆಗಿದ್ದು 1998ರಲ್ಲಿ!

ನಮಗೆ ಆ ಭಯ ಇಲ್ಲ. ಇರುವುದು "ನಾಳೆ ಮಾಡಿದ್ರಾಯ್ತು ಬಿಡಣ್ಣ" ಅನ್ನೋದು.

ಮೊದಲು ಲಿಸ್ಟ್‌ನಲ್ಲಿ ಹೆಸರಿದೆಯಾ ನೋಡಿ. ಕಾರ್ಡ್ ಇದೆ ಅಂತ ಸುಮ್ನೆ ಕೂರಬೇಡಿ. ನಮ್ಮಮ್ಮ ಕಾರ್ಡ್ ಹಿಡಿದು ಒಂದು ಗಂಟೆ ಸಾಲಲ್ಲಿ ನಿಂತು ವಾಪಸ್ ಬಂದರು, ಮನೆ ಬದಲಿಸಿದ ಮೇಲೆ ಹೆಸರು ತೆಗೆದುಹಾಕಿದ್ದರು. ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಕಾರ್ಡ್ ನಂಬರ್ ಹಾಕಿದರೆ ಗೊತ್ತಾಗುತ್ತದೆ, ಇಲ್ಲದಿದ್ದರೆ 1950ಕ್ಕೆ ಫೋನ್ ಮಾಡಿ.

ಹೊಸಬರಿಗೆ ಫಾರ್ಮ್ 6. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ಈ ನಾಲ್ಕು ತಿಂಗಳ 1ನೇ ತಾರೀಕಿಗೆ 18 ತುಂಬುವ ಲೆಕ್ಕ. 17 ಆದವರೂ ಮುಂಚೆಯೇ ಕೊಡಬಹುದು. ಮನೆ ಬದಲಿಸಿದವರಿಗೆ, ತಪ್ಪು ತಿದ್ದಿಸುವವರಿಗೆ ಫಾರ್ಮ್ 8. ಎರಡಕ್ಕೂ ಒಂದು ರೂಪಾಯಿ ಫೀಸಿಲ್ಲ.

ತಕರಾರು ಜಾಸ್ತಿ ಬರುವುದು ಬಾಡಿಗೆಯವರದ್ದು. ಮೊನ್ನೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹುಡುಗ ಬಂದಿದ್ದ, ಬೆಸ್ಕಾಂ ಬಿಲ್ ಓನರ್ ಹೆಸರಲ್ಲಿ. ಈಗಿನ ವಿಳಾಸ ಇರುವ ಆಧಾರ್ ಅಥವಾ ಬ್ಯಾಂಕ್ ಪಾಸ್‌ಬುಕ್ ನಡೆಯುತ್ತದೆ. ಮಂಜುನಾಥ ಅಂತ ಇಂಗ್ಲಿಷ್‌ನಲ್ಲಿ ಬರೆಯುವಾಗ ಒಂದು ಎಚ್ ಬಿಟ್ಟಿದ್ದ, ಮತ್ತೆ ಬರೆಸಿದೆ. ಇಲ್ಲಾಂದ್ರೆ ಆಮೇಲೆ ಫಾರ್ಮ್ 8 ಹಿಡಿದು ಓಡಾಡಬೇಕು. ತುಂಬಿದ ಫಾರ್ಮ್ ನಿಮ್ಮ ಬೂತಿನ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೈಗೆ ಕೊಟ್ಟು ಸ್ವೀಕೃತಿ ಕೇಳಿ. ಆ ನಂಬರನ್ನು ನಾನು ಉದ್ರಿ ಬುಕ್ಕಿನ ಕೊನೇ ಪುಟದಲ್ಲಿ ಬರೆದಿಡುತ್ತೇನೆ.

ನಾಮಪತ್ರದ ಕೊನೇ ದಿನ ಕಳೆದರೆ ಆ ಚುನಾವಣೆಗೆ ಹೆಸರು ಸೇರುವುದಿಲ್ಲ, ಈಗಲೇ ಶುರು ಮಾಡಿ.

ಮನೆ ನಂಬರ್, ಕ್ರಾಸು, ಪಿನ್‌ಕೋಡ್ ಸರಿಯಾಗಿ ಬರೆಸಿ, ಕಾರ್ಡ್ ಅಂಚೆಯಲ್ಲಿ ಬರುತ್ತದೆ. ಡಾಮರ್ ಅವರದ್ದೂ ಅಂಚೆಯಲ್ಲೇ ಬಂತು, ಅವರು ತೀರಿಕೊಂಡ ಮೇಲೆ.