ಕಾಟಾ 83ಕ್ಕೆ ನಿಂತಾಗ: ಸೈಕಲ್ ಹೊಡೆಯುವವರಿಗೆ

ಕೊಪ್ಪಳದಲ್ಲಿ ನಮ್ಮದು ಕಿರಾಣಿ ಅಂಗಡಿ. ನನಗೆ ಈಗ 47 ವರ್ಷ. ವಾರಕ್ಕೆ ನಾಲ್ಕು ದಿನ ಬೆಳಗ್ಗೆ ಐದೂವರೆಗೆ ಸೈಕಲ್ ತೆಗೆದು ಗಿಣಿಗೇರಿ ಕಡೆ ಹೋಗಿ, ಏಳಕ್ಕೆಲ್ಲ ಮನೆಗೆ ಬರುತ್ತೇನೆ. ಭಾನುವಾರ ಹುಲಿಗಿವರೆಗೆ, ಹೋಗಿ ಬಂದರೆ ಹತ್ತಿರ ಹತ್ತಿರ 50 ಕಿ.ಮೀ. ಮೊದಲ ಐದು ತಿಂಗಳಲ್ಲಿ 91 ಕಿಲೋದಿಂದ 83ಕ್ಕೆ ಇಳಿದೆ. ಆಮೇಲೆ ಕಾಟಾ ಅಲ್ಲೇ ನಿಂತುಬಿಟ್ಟಿತು. ಏಳು ವಾರ! ಇನ್ನೂ ಜಾಸ್ತಿ ತುಳಿದು ನೋಡಿದೆ. ಹಸಿವು ಜಾಸ್ತಿ ಆಯ್ತು, ತೂಕ ಹಾಗೇ ಇತ್ತು.

ನಾನು ಸೈಕಲ್ ಮೇಲಿರುವ ಒಂದೂವರೆ ತಾಸನ್ನೇ ನೋಡುತ್ತಿದ್ದೆ. ತೂಕ ಸಿಕ್ಕಿಕೊಂಡಿದ್ದು ಉಳಿದ ಇಪ್ಪತ್ತೆರಡೂವರೆ ತಾಸಿನಲ್ಲಿ. ನೀವೂ ಇದೇ ಜಾಗದಲ್ಲಿ ನಿಂತಿದ್ದರೆ ಮೊದಲು ಆ ತಾಸುಗಳನ್ನು ನೋಡಿ.

ಅದಕ್ಕೂ ಮುಂಚೆ, ತೂಕ ನಿಜವಾಗಿ ನಿಂತಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ದಿನಾ ಬೆಳಗ್ಗೆ ಸಂಡಾಸಿಗೆ ಹೋಗಿ ಬಂದ ಮೇಲೆ, ಚಹಾ ಕುಡಿಯುವ ಮುಂಚೆ ತೂಗಿ. ಏಳು ದಿನದ ತೂಕ ಕೂಡಿಸಿ ಏಳರಿಂದ ಭಾಗಿಸಿ. ಈ ವಾರದ ಸರಾಸರಿಯನ್ನು ಹೋದ ವಾರದ ಸರಾಸರಿಯ ಪಕ್ಕ ಇಟ್ಟು ನೋಡಿ, ಒಂದೊಂದು ದಿನದ ಅಂಕಿ ಬಿಟ್ಟುಬಿಡಿ. ಹುಲಿಗಿಗೆ ಹೋಗಿ ಬಂದ ಮರುದಿನ ನನ್ನ ತೂಕ ಕೆಲವೊಮ್ಮೆ ಒಂದು ಕಿಲೋ ಏರಿರುತ್ತಿತ್ತು. ದಣಿದ ಸ್ನಾಯು ನೀರು ಹಿಡಿದಿಡುತ್ತದೆ. ಮೈಯಲ್ಲಿ ಖಾಲಿಯಾದ ಗ್ಲೈಕೋಜನ್ (ಮೈ ಕೂಡಿಟ್ಟುಕೊಳ್ಳುವ ಸಕ್ಕರೆ) ಮತ್ತೆ ತುಂಬುವಾಗ ಒಂದು ಗ್ರಾಂಗೆ ಸುಮಾರು ಮೂರು ಗ್ರಾಂ ನೀರು ಜೊತೆಗೆ ಬರುತ್ತದೆ. ಉಪ್ಪು ಜಾಸ್ತಿ ತಿಂದಿದ್ದರೆ ಇನ್ನಷ್ಟು. ಅದು ಕೊಬ್ಬಲ್ಲ. ವಾರಕ್ಕೊಮ್ಮೆ ಹೊಕ್ಕುಳ ಮಟ್ಟಕ್ಕೆ ಟೇಪ್ ಹಿಡಿದು ಸೊಂಟ ಅಳೆಯಿರಿ. ಮೂರು ವಾರ ಸರಾಸರಿಯೂ ಸೊಂಟವೂ ಅಲ್ಲಾಡದಿದ್ದರೆ ಮಾತ್ರ ನಿಂತಿದೆ ಅನ್ನಿ.

ನಿಲ್ಲುವುದಕ್ಕೆ ಕಾರಣ ಇದೆ. 91 ಕಿಲೋ ಮೈಗೆ ದಿನಕ್ಕೆ ಬೇಕಾದಷ್ಟು 83 ಕಿಲೋ ಮೈಗೆ ಬೇಡ. ಎಂಟು ಕಿಲೋ ಹೊರೆ ಇಳಿದಿದೆ, ಅಲ್ವಾ? ಮೊದಲು ತೂಕ ಇಳಿಸಿದ ಊಟವೇ ಈಗ ಇದ್ದ ತೂಕ ಕಾಯ್ದುಕೊಳ್ಳುವ ಊಟ ಆಗಿರುತ್ತದೆ. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ. ದಿನಕ್ಕೆ 300 ಕಡಿಮೆ ಮಾಡಿದರೆ ಒಂದು ಕಿಲೋಗೆ 25–26 ದಿನ ಬೇಕು. ಹಾಗಾಗಿ ಅವಸರ ಬೇಡ, ಆದರೆ ಆ 300 ಎಲ್ಲಿದೆ ಅಂತ ಹುಡುಕಲೇಬೇಕು.

ನಾನು ಹುಡುಕಿದ್ದು ಅಂಗಡಿಯ ಕಾಟಾ ಮೇಲೆ. ಆಗ ನಾನು ರಾತ್ರಿ ಊಟಕ್ಕೆ ಮೂರು ರೊಟ್ಟಿ ಇದ್ದದ್ದನ್ನು ಒಂದಕ್ಕೆ ಇಳಿಸಿದ್ದೆ. ಹೊಟ್ಟೆ ತುಂಬದೆ ಮೊಸರಿಗೆ ಶೇಂಗಾ ಚಟ್ನಿಪುಡಿ ಕಲಸಿ ತಿನ್ನುತ್ತಿದ್ದೆ. ಒಂದು ರಾತ್ರಿ ಖಾಲಿ ಬಟ್ಟಲು ಕಾಟಾ ಮೇಲಿಟ್ಟು, ಸೊನ್ನೆ ಮಾಡಿ, ನಾನು ದಿನಾ ಹಾಕಿಕೊಳ್ಳುವಂತೆಯೇ ಮೂರು ಚಮಚ ಹಾಕಿದೆ. ಚಮಚ ಗೋಪುರದ ಹಾಗೆ ತುಂಬಿರುತ್ತಿತ್ತು. 48 ಗ್ರಾಂ ಬಂತು. ಶೇಂಗಾ 100 ಗ್ರಾಂಗೆ 560ರ ಮೇಲೆ ಕ್ಯಾಲರಿ. ಬೆಳ್ಳುಳ್ಳಿ, ಖಾರ, ಉಪ್ಪು ತೆಗೆದರೂ 250ರ ಹತ್ತಿರ ಆಯ್ತು. ಆಮೇಲೆ ಒಂದು ರೊಟ್ಟಿಗೆ ಬೇಕಾಗುವ ಜೋಳದ ಹಿಟ್ಟು ತೂಗಿದೆ. 50 ಗ್ರಾಂ, ಸುಮಾರು 175 ಕ್ಯಾಲರಿ. ಹೊಟ್ಟೆ ತುಂಬಿಸುವ ರೊಟ್ಟಿ ಬಿಟ್ಟು ನಾನು ಒಂದು ರೊಟ್ಟಿಗಿಂತ ಭಾರದ್ದನ್ನು ಚಮಚದಲ್ಲಿ ತಿನ್ನುತ್ತಿದ್ದೆ. ಮರುದಿನದಿಂದ ಎರಡು ರೊಟ್ಟಿ, ಜೊತೆಗೆ ಪುಂಡಿಪಲ್ಯ ಅಥವಾ ಕಾಳಿನ ಪಲ್ಯ, ಚಟ್ನಿಪುಡಿ ಒಂದೇ ಚಮಚ, ಅದೂ ಮಟ್ಟಸವಾಗಿ. ನಮ್ಮ ಕಡೆ ಶೇಂಗಾ ಬಿಡಿ ಅಂದರೆ ಯಾರೂ ಕೇಳಲ್ಲ, ಬಿಡಬೇಕಾಗಿಯೂ ಇಲ್ಲ. ತೂಗಿ ಹಾಕಿಕೊಳ್ಳಿ, ಅಷ್ಟೇ.

ಎಣ್ಣೆ ಲೆಕ್ಕ ಇನ್ನೂ ಸುಲಭ. ತಿಂಗಳಿಗೆ ಮನೆಗೆ ಎಷ್ಟು ಪಾಕೀಟು ಬರುತ್ತದೆ ಎಣಿಸಿ. ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ಐದು ಲೀಟರ್. ಅಂದರೆ ಒಬ್ಬರಿಗೆ ದಿನಕ್ಕೆ 38 ಗ್ರಾಂ, 340 ಕ್ಯಾಲರಿ ಬರೀ ಎಣ್ಣೆಯಿಂದ. ಬಾಟಲಿಯಿಂದ ಸುರಿಯುವುದು ಬಿಟ್ಟು ಚಮಚದಲ್ಲಿ ಹಾಕಲು ಶುರು ಮಾಡಿದೆವು, ಮೂರು ಲೀಟರಿಗೆ ಬಂತು. ಬದನೆಕಾಯಿ ಎಣ್ಣೆಗಾಯಿ ಈಗಲೂ ಮಾಡುತ್ತೇವೆ. ರುಚಿ ಕೆಟ್ಟಿಲ್ಲ.

ಭಾನುವಾರದ್ದು ಬೇರೆ ಕಥೆ. ಹುಲಿಗಿಯಿಂದ ಬರುವಾಗ ಗೆಳೆಯರ ಜೊತೆ ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣಿ, ಎರಡು ಮಿರ್ಚಿ, ಒಂದು ಚಹಾ. ಮೊಬೈಲ್ ಆ್ಯಪ್ ದೊಡ್ಡ ಅಂಕಿ ತೋರಿಸುತ್ತಿತ್ತು, ನಾನು ಅದನ್ನು ನಂಬಿ ತಿನ್ನುತ್ತಿದ್ದೆ. ಆ ಅಂಕಿಯಲ್ಲಿ ಸುಮ್ನೆ ಮನೆಯಲ್ಲಿ ಕೂತಿದ್ದರೂ ಖರ್ಚಾಗುತ್ತಿದ್ದ ಕ್ಯಾಲರಿಯೂ ಸೇರಿರಬಹುದು. ಗಾಳಿ ಹಿಂದಿನಿಂದ ತಳ್ಳುತ್ತಿತ್ತೋ ಎದುರಿಗಿತ್ತೋ ಅದಕ್ಕೆ ಸರಿಯಾಗಿ ಗೊತ್ತಾಗಲ್ಲ. ಈಗ ನಾನು ಆ್ಯಪ್ ಹೇಳಿದ್ದರಲ್ಲಿ ಅರ್ಧ ಮಾತ್ರ ಹಿಡಿಯುತ್ತೇನೆ. ಒಂದು ಡಬ್ಬಿಯಲ್ಲಿ ಮೊಳಕೆ ಹೆಸರುಕಾಳು, ಉಳ್ಳಾಗಡ್ಡಿ, ನಿಂಬೆಹಣ್ಣು ಹಿಂಡಿ ಒಯ್ಯುತ್ತೇನೆ. ಅದನ್ನು ಮೊದಲು ತಿಂದರೆ ಒಂದು ಮಿರ್ಚಿಗೇ ಸಾಕೆನಿಸುತ್ತದೆ. ಗೆಳೆಯರ ಜೊತೆ ಕೂತು ತಿನ್ನುವ ಸುಖ ಬಿಡಬೇಡಿ, ಅದಿಲ್ಲದೆ ಬಹಳ ದಿನ ಸೈಕಲ್ ನಡೆಯಲ್ಲ.

ನನ್ನ ಕಣ್ಣಿಗೇ ಬೀಳದ ಒಂದು ವಿಷಯ ಹೇಳಿದ್ದು ಮನೆಯವಳು. “ಸೈಕಲ್ ಹೊಡದು ಬಂದ ದಿನ ನೀವು ಗಲ್ಲಾ ಬಿಟ್ಟು ಏಳಂಗಿಲ್ರೀ. ಒಂದು ಸಕ್ರಿ ಪಾಕೀಟು ಕೊಡಾಕೂ ಹುಡುಗನ್ನ ಕರೀತೀರಿ” ಅಂದಳು. ನಿಜ. ಬೆಳಗ್ಗೆ ದಣಿದ ಮೈ ಉಳಿದ ದಿನ ಗೊತ್ತಿಲ್ಲದಂತೆ ಉಳಿತಾಯಕ್ಕೆ ಇಳಿಯುತ್ತದೆ. ಬೆಳಗ್ಗೆ ಖರ್ಚು ಮಾಡಿದ್ದು ಮಧ್ಯಾಹ್ನ ವಾಪಸ್ ಬರುತ್ತದೆ. ಮರುದಿನವೇ ಸ್ಟೂಲು ತೆಗೆಸಿದೆ. ಗಿರಾಕಿ ಕೇಳಿದ್ದನ್ನು ನಾನೇ ಎದ್ದು ಕೊಡುತ್ತೇನೆ. 25 ಕಿಲೋ ಅಕ್ಕಿ ಚೀಲ ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ನಾನೇ ಎತ್ತಿಡುತ್ತೇನೆ, ದಿನಕ್ಕೆ ಹತ್ತು ಹನ್ನೆರಡು ಸಲ. ಸೈಕಲ್ ಒಂದರಿಂದಲೇ ತೂಕ ಇಳಿಸುವಾಗ ಸ್ನಾಯುವೂ ಕರಗಬಹುದು, ತೋಳು ಬೆನ್ನಿಗಂತೂ ಸೈಕಲ್‌ನಲ್ಲಿ ಹೆಚ್ಚು ಕೆಲಸ ಇಲ್ಲ. ನಿಮ್ಮ ಹತ್ತಿರ ಚೀಲ ಇಲ್ಲದಿದ್ದರೆ ಬೈಠಕ್, ದಂಡ ಹೊಡೆಯಿರಿ. ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ ಊಟದಲ್ಲಿ ತಪ್ಪದೆ ಇರಲಿ.

ಇನ್ನು ತುಳಿಯುವ ಬಗ್ಗೆ. ದೂರ ಹೆಚ್ಚಿಸಬೇಡಿ, ರೀತಿ ಬದಲಿಸಿ. ಐದು ತಿಂಗಳಲ್ಲಿ ಎದೆ ಗಟ್ಟಿಯಾಗಿರುತ್ತದೆ, ಅಷ್ಟೇ ಸಮಯದಲ್ಲಿ ಈಗ ಮೈಯಿಂದ ಜಾಸ್ತಿ ಕೆಲಸ ಮಾಡಿಸಬಹುದು. ನಮ್ಮ ದಾರಿಯಲ್ಲಿ ದೊಡ್ಡ ಏರು ಇಲ್ಲ, ಗಾಳಿ ಇದೆ. ಆಷಾಢದಲ್ಲಿ ಗಿಣಿಗೇರಿಗೆ ಹೋಗುವಾಗ ಅದು ಬೆನ್ನಿಗೆ, ಬರುವಾಗ ಎದೆಗೆ. ಬರುವ ದಾರಿಯನ್ನೇ ನಾನು ಗುಡ್ಡ ಮಾಡಿಕೊಂಡೆ. ಎರಡು ನಿಮಿಷ ಮಾತಾಡಲು ಆಗದಷ್ಟು ಜೋರಾಗಿ, ಮೂರು ನಿಮಿಷ ನಿಧಾನ. ಹೀಗೆ ಆರು ಸಲ. ವಾರಕ್ಕೆ ಎರಡು ದಿನ ಮಾತ್ರ, ಉಳಿದ ದಿನ ಆರಾಮಾಗಿ. ಹೆದ್ದಾರಿಯಲ್ಲಿ ಲಾರಿ ಬಹಳ. ಜೋರು ತುಳಿಯುವುದನ್ನು ಸರ್ವಿಸ್ ರಸ್ತೆಗೇ ಇಟ್ಟುಕೊಳ್ಳಿ. ಹಿಂದಿನ ಕೆಂಪು ದೀಪ ಹಚ್ಚದೆ ಹೊರಡಲೇಬೇಡಿ.

ನಿದ್ದೆ ಕಡಿಮೆಯಾದರೆ ಮರುದಿನ ಹಸಿವು ಜೋರು. ಐದಕ್ಕೆ ಏಳುವವರು ಹತ್ತಕ್ಕೆ ಮಲಗಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಊಟ ಕಡಿಮೆ ಮಾಡುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಸುಸ್ತು ಹೋಗದೇ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಇದೆಲ್ಲ ಒಂದೇ ದಿನ ಶುರು ಮಾಡಬೇಡಿ. ನಾನು ಚಟ್ನಿಪುಡಿಯಿಂದ ಶುರು ಮಾಡಿದೆ, ಎರಡು ವಾರದ ನಂತರ ಎಣ್ಣೆ, ಆಮೇಲೆ ಉಳಿದದ್ದು. ನಾಲ್ಕನೇ ವಾರ ಸರಾಸರಿ 82.3 ಆಯ್ತು. ಜನವರಿಯಲ್ಲಿ ಗವಿಮಠದ ಜಾತ್ರೆ ಹೊತ್ತಿಗೆ 79. ಜಾತ್ರೆಯಲ್ಲಿ ದಾಸೋಹದ ರೊಟ್ಟಿ, ಮಿರ್ಚಿ, ಮಾದಲಿ ಎಲ್ಲವನ್ನೂ ಹೊಟ್ಟೆ ತುಂಬ ಉಂಡೆ. ಮರುದಿನ ಕಾಟಾದಲ್ಲಿ 1.2 ಕಿಲೋ ಜಾಸ್ತಿ. ಆರನೇ ದಿನಕ್ಕೆ ಮತ್ತೆ 79. ನಡುವೆ ನಾನು ಒಂದು ಹೊತ್ತೂ ಊಟ ಬಿಡಲಿಲ್ಲ, ಒಂದು ಕಿ.ಮೀ. ಸಹ ಹೆಚ್ಚಿಗೆ ಹೊಡೆಯಲಿಲ್ಲ.