ಹೋಮ್ ಫೋಲ್ಡರ್ ಬೇರೆ ಡ್ರೈವ್‌ಗೆ ಹೋದ ಕಥೆ

ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ನಮ್ಮದೊಂದು ಚಿಕ್ಕ ಡಿಟಿಪಿ ಅಂಗಡಿ. ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಇದ್ದ 120 ಜಿಬಿ ಎಸ್‌ಎಸ್‌ಡಿ ಡ್ರೈವ್ ಮದುವೆ ಕಾರ್ಡ್‌ಗಳಿಂದಲೇ ತುಂಬಿಹೋಗಿತ್ತು. ಹೊಸ ಡ್ರೈವ್ ತಂದು, ನನ್ನ ಫೈಲ್, ಸೆಟ್ಟಿಂಗ್ ಎಲ್ಲ ಇರುವ ಹೋಮ್ ಫೋಲ್ಡರನ್ನು ಸುಮ್ನೆ ಅದಕ್ಕೆ ಕಾಪಿ-ಪೇಸ್ಟ್ ಮಾಡಿ, ಹಳೇ ಹೋಮ್ ಇದ್ದ ಜಾಗಕ್ಕೇ ಆ ಡ್ರೈವನ್ನು ಮೌಂಟ್ ಮಾಡಿದೆ, ಅಂದರೆ ಜೋಡಿಸಿದೆ. ಪಾಸ್‌ವರ್ಡ್ ಸರಿ ಕೊಟ್ಟರೂ ಮತ್ತೆ ಮತ್ತೆ ಲಾಗಿನ್ ಪರದೆಯೇ! ಎದುರಿಗೆ ಗಿರಾಕಿ, ಹೊರಗೆ ಮೇ ತಿಂಗಳ ಬಿಸಿಲು. ಆಮೇಲೆ ನೋಡಿದರೆ ಡ್ರೈವ್ ಎನ್‌ಟಿಎಫ್‌ಎಸ್, ಅಂದರೆ ವಿಂಡೋಸ್‌ನ ಫಾರ್ಮ್ಯಾಟ್. ಲಿನಕ್ಸ್‌ನ ಓನರ್ (ಫೈಲ್ ಯಾರದು), ಪರ್ಮಿಷನ್ (ಯಾರು ತೆರೆಯಬಹುದು) ಯಾವುದೂ ಅದರಲ್ಲಿ ಉಳಿದಿರಲಿಲ್ಲ.

ರಿಪೇರಿಗಿರುವ ರಿಕವರಿ ಮೋಡ್‌ನಲ್ಲಿ ರೂಟ್ ಆಗಿ, ಅಂದರೆ ಪೂರ್ಣ ಅಧಿಕಾರದ ಬಳಕೆದಾರನಾಗಿ ಹೋದೆ. ಹೊಸ ಡ್ರೈವನ್ನು ಲಿನಕ್ಸ್‌ನದೇ ಆದ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ, ಆರ್‌ಸಿಂಕ್ ಎಂಬ ಕಾಪಿ ಮಾಡುವ ಕಮಾಂಡ್‌ನಿಂದ ಎಸ್‌ಎಸ್‌ಡಿಯಲ್ಲಿದ್ದ ಹಳೇ ಫೋಲ್ಡರಿನ ಎಲ್ಲವನ್ನೂ ಸಾಗಿಸಿದೆ. ಅದರ 'ಎ' ಆಯ್ಕೆ ಓನರ್, ಪರ್ಮಿಷನ್ ಎರಡನ್ನೂ ಕಾಪಾಡುತ್ತದೆ. ಯಾವ ಡ್ರೈವ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಎಸ್‌ಡಿಬಿ1 ಅಂತ ಡ್ರೈವ್‌ನ ಹೆಸರು ಬರೆಯಲಿಲ್ಲ, ಆ ಹೆಸರು ಬದಲಾಗಬಹುದು ಅಲ್ವಾ? ಬದಲಾಗದ ಗುರುತಿನ ಸಂಖ್ಯೆಯಾದ ಯುಯುಐಡಿ ಹಾಕಿದೆ. ರೀಬೂಟ್ ಮಾಡಿದರೆ ಹಳೇ ವಾಲ್‌ಪೇಪರ್ ಸಮೇತ ಬಂತು. ಹಳೆಯ ಫೋಲ್ಡರಿಗೆ ಬೇರೆ ಹೆಸರಿಟ್ಟಿದ್ದೆ. ವಾರ ಬಿಟ್ಟು ಅಳಿಸಿದೆ.